ಡಾಕ್ಟರಬಾಯಿಯ ಮುಂದಿನ ಹಲ್ಲು

ದಾಂಡೇಲಿಯಲ್ಲಿ ನನಗೆ ಕೆಲಸ ಕಲಿಸಿದ ಹಲ್ಲಿನ ಡಾಕ್ಟರಿಗೆ ಕೊನೆಯ ವರ್ಷಗಳಲ್ಲಿ ಮುಂದಿನ ಹಲ್ಲೊಂದು ಇರಲಿಲ್ಲ. ಮೇಲಿನ ಸಾಲಿನ ನಟ್ಟನಡುವಿನ ಹಲ್ಲು. ಪೇಷಂಟು ಕುರ್ಚಿಗೆ ಒರಗಿ ಬಾಯಿ ತೆರೆದಾಗ, ಅವರು ಮುಖಗವಸು ಕಟ್ಟಿಕೊಳ್ಳುವ ಮೊದಲೇ ಆ ಕಿಂಡಿ ಕಣ್ಣಿಗೆ ಬೀಳುತ್ತಿತ್ತು. ಕೆಲವರು ಗಾಬರಿಯಾಗುತ್ತಿದ್ದರು, ಕೆಲವರಿಗೆ ನಗು ತಡೆಯಲಾಗುತ್ತಿರಲಿಲ್ಲ.

“ಯಾಕ ನಗತೀಯೋ? ನಿನ್ನ ಬಾಯಿ ತೋರಸಾಕ ಬಂದೀಯೋ, ನನ್ನ ಬಾಯಿ ನೋಡಾಕ ಬಂದೀಯೋ?” ಎಂದು ಗದರಿಸಿಯೇ ಅವರು ಕೆಲಸ ಶುರು ಮಾಡುತ್ತಿದ್ದದ್ದು. ಬಾಯಿ ಜೋರು, ಕೈ ಹಗುರ.

ಊರು ಅವರನ್ನು ಡಾಕ್ಟರಬಾಯಿ ಅನ್ನುತ್ತಿತ್ತು, ನಾನು ಮೇಡಂ ಅನ್ನುತ್ತಿದ್ದೆ. ಹೆಸರು ಬರೆಯುವುದಿಲ್ಲ. ದವಾಖಾನೆಯ ಬೋರ್ಡಿನಲ್ಲಿ ಹೆಸರು ಮಾಸಿದೆ, ಮತ್ತೆ ಬರೆಸೋಣವೇ ಅಂತ ಒಮ್ಮೆ ಕೇಳಿದ್ದೆ. “ಹಲ್ಲ ನೋವು ಬಂದಾವಗ ಹೆಸರ ಯಾಕ ಬೇಕೋ ತಮ್ಮಾ? ಮೆಟ್ಲ ಎಲ್ಲಿ ಅದಾವು ಅಂತ ಗೊತ್ತಾದ್ರ ಸಾಕು” ಅಂದಿದ್ದರು. ಆ ಮೆಟ್ಟಿಲು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮಾಳಿಗೆಗೆ ಹತ್ತುತ್ತಿದ್ದವು. ಕಿಟಕಿ ತೆರೆದರೆ ಕಾಗದದ ಕಾರ್ಖಾನೆಯ ವಾಸನೆ, ಮುಚ್ಚಿದರೆ ಲವಂಗದೆಣ್ಣೆಯ ವಾಸನೆ. ಮೇಡಂ ಮದುವೆಯಾಗಿರಲಿಲ್ಲ. ಅಂಬೇವಾಡಿಯ ಮನೆಯಲ್ಲಿ ತಂಗಿಯ ಜೊತೆ ಇದ್ದರು.

ಹಳಿಯಾಳದವನಾದ ನಾನು ಕಾಲೇಜು ಮುಗಿಸಿ ಅವರ ಹತ್ತಿರ ಸೇರಿದ್ದು ಹೊಸ ಶತಮಾನ ಶುರುವಾಗುವ ಹೊತ್ತಿಗೆ. ಡಿಗ್ರಿಯ ಜಂಬ ಇತ್ತು. ಅದನ್ನು ಅವರು ಒಂದು ವಾರದಲ್ಲಿ ಇಳಿಸಿದರು. ನಾನು ತುಂಬಿದ ಹಲ್ಲನ್ನೆಲ್ಲ ಮತ್ತೊಮ್ಮೆ ಕೆದಕಿ ನೋಡುವರು, ಪೇಷಂಟಿನ ಎದುರಿಗೇ “ಇದನ್ನ ಯಾರ ಮಾಡ್ಯಾರ, ಗ್ವಾಡಿ ಕಟ್ಟೂ ಗೌಂಡಿ ಏನು?” ಅನ್ನುವರು. ನನಗೆ ಅವಮಾನದಿಂದ ಕಿವಿ ಬಿಸಿಯಾಗುತ್ತಿತ್ತು. ಸಂಜೆ ಅವರೇ ಚುರಮುರಿ ತರಿಸಿ, “ಸಿಟ್ಟ ಬಂತೇನು? ಬರ್ಲಿ. ಸಿಟ್ಟ ಬಂದವ ನಾಳೆ ಚಲೋ ಮಾಡತಾನ” ಅನ್ನುತ್ತಿದ್ದರು.

ಅವರನ್ನು ಮದುವೆಗೆ ಕರೆಯಲು ಜನ ಹೆದರುತ್ತಿದ್ದರು. ಬೇರೆ ಹೆಂಗಸರು ಮದುಮಗಳ ಸರ, ಸೀರೆ ನೋಡಿದರೆ ಇವರು ಬಾಯಿ ನೋಡುವರು. ಮುಂಡಗೋಡದ ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ವೇದಿಕೆ ಹತ್ತಿದವರು ಹುಡುಗಿಯ ಗದ್ದ ಹಿಡಿದು, “ಹುಡುಗಿ ಭಾಳ ಚಲೋ ಅದಾಳ. ಹಿಂದಿನ ದವಡಿ ಹಲ್ಲ ಮಾತ್ರ ಹುಳಕ ಹಿಡದೈತಿ, ಸೋಮವಾರ ಕಳಸ್ರಿ” ಅಂದುಬಿಟ್ಟರು. ವರನ ಕಡೆಯವರು ಮುಖಮುಖ ನೋಡಿಕೊಂಡರು. ಹುಡುಗಿ ಮಾತ್ರ ಸೋಮವಾರ ಬಂದಳು, ಗಂಡನನ್ನೂ ಕರೆದುಕೊಂಡು.

ಅವರ ನಿಜವಾದ ಹೆಮ್ಮೆ ಪಾಲಿಶಿನದು. ಹಲ್ಲಿನ ಸೆಟ್ಟು ಮಾಡಲು ಬೇರೆ ಡಾಕ್ಟರುಗಳು ಹುಬ್ಬಳ್ಳಿಗೆ ಅಳತೆ ಕಳಿಸುತ್ತಿದ್ದ ಕಾಲದಲ್ಲಿ ಮೇಡಂ ಹಿಂದಿನ ಕೋಣೆಯಲ್ಲಿ ತಾವೇ ಮಾಡುತ್ತಿದ್ದರು. ಅಲ್ಲೊಂದು ಪಾಲಿಶ್ ಮೋಟಾರು. ಅದರ ತುದಿಗೆ ಬಟ್ಟೆಯ ಚಕ್ರ, ಚಕ್ರಕ್ಕೆ ಮೇಣದಂಥ ಹಸಿರು ಪಾಲಿಶು. ಸೂಪಾ ಆಣೆಕಟ್ಟು ನಮ್ಮ ಬೆನ್ನಿಗೇ ಇದ್ದರೂ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಮತ್ತೆ ಬರುವ ತನಕ ಅವರು ಆ ಸೆಟ್ಟನ್ನು ಕೈಯಲ್ಲೇ ಹಿಡಿದು ಕೂತಿರುತ್ತಿದ್ದರು. ಕೆಲಸ ಮುಗಿದ ಮೇಲೆ ಕಿಟಕಿಗೆ ಒಯ್ದು ಬೆಳಕಿಗೆ ಹಿಡಿಯುವರು. ಅದರ ಅಂಗುಳಿನ ಭಾಗದಲ್ಲಿ ತಮ್ಮ ಮುಖ ಕಾಣಬೇಕು. ಕಂಡರೆ ಅದರಲ್ಲೇ ನೋಡಿಕೊಂಡು ಹಣೆಯ ಕುಂಕುಮ ಸರಿ ಮಾಡಿಕೊಳ್ಳುವರು. ಕಾಣದಿದ್ದರೆ ಮತ್ತೆ ಮೋಟಾರಿಗೆ.

“ಹೊಳೀಬೇಕು ತಮ್ಮಾ. ಹೊಳಿಯೂ ಜಾಗಾದಾಗ ಹೊಲಸು ನಿಲ್ಲೂದಿಲ್ಲ.” ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಜೋಯಿಡಾ ಕಡೆಯ ಒಬ್ಬ ಕೊಂಕಣಿ ಅಜ್ಜಿಗೆ ಸೆಟ್ಟು ಮಾಡಿಕೊಟ್ಟಿದ್ದರು. ಕೆಲವು ತಿಂಗಳ ಮೇಲೆ ಅಜ್ಜಿ ಬೊಚ್ಚು ಬಾಯಲ್ಲೇ ಬಂದಳು. ಸೆಟ್ಟು ಎಲ್ಲಿ ಅಂದರೆ ಪೆಟ್ಟಿಗೆಯಲ್ಲಿ, ರೇಷ್ಮೆ ಕುಬಸದ ನಡುವೆ ಸುತ್ತಿಟ್ಟಿದ್ದೇನೆ ಅಂದಳು. ಅಷ್ಟು ಹೊಳೆಯುವುದನ್ನು ಮೀನು ತಿನ್ನಲು ಹೇಗೆ ಬಳಸುವುದು ಎಂಬುದು ಅವಳ ಪ್ರಶ್ನೆ. ನಾನು ಬಿದ್ದು ಬಿದ್ದು ನಕ್ಕೆ. ಮೇಡಂ ಬೈಯಲಿಲ್ಲ. ಅವರಿಗೆ ಒಳಗೊಳಗೇ ಖುಷಿಯಾಗಿತ್ತು. ಆ ಖುಷಿ ನೆನೆದರೆ ಈಗ ನನಗೆ ಸಂಕಟವಾಗುತ್ತದೆ.

ಅದೇ ವರ್ಷ ಅವರು ಹುಬ್ಬಳ್ಳಿಯ ಒಂದು ಶಿಬಿರಕ್ಕೆ ಹೋಗಿ ಇಂಪ್ಲಾಂಟ್ ಹಾಕುವುದನ್ನು ಕಲಿತು ಬಂದರು. ವಯಸ್ಸು ಐವತ್ತು ದಾಟಿತ್ತು. ಆದರೂ ಹೊಸ ಸೈಕಲ್ಲು ಸಿಕ್ಕ ಹುಡುಗಿಯಂತೆ ಕೈ ಸುಮ್ಮನಿರಲಿಲ್ಲ. ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ದವಡೆಯ ಎಲುಬಿನೊಳಗೆ ಟೈಟೇನಿಯಂ ಲೋಹದ ಒಂದು ಸ್ಕ್ರೂ. ಅದರ ಮೇಲೆ, ಒಸಡನ್ನು ದಾಟಿ ಹೊರಗೆ ಬರುವ ಚಿಕ್ಕ ಕಂಬ. ಪುಸ್ತಕದಲ್ಲಿ ಅದು ಅಬಟ್‌ಮೆಂಟ್, ಮೇಡಂ ಬಾಯಲ್ಲಿ ಗೂಟ. ಗೂಟದ ಮೇಲೆ ಹಲ್ಲಿನ ಟೊಪ್ಪಿಗೆ.

ಸ್ಕ್ರೂವನ್ನು ಎಲುಬು ಹಿಡಿದುಕೊಳ್ಳುತ್ತದೆ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಗೂಟವನ್ನು ಒಸಡು ಹಿಡಿದುಕೊಳ್ಳಬೇಕು ಎಂಬುದು ಅಷ್ಟು ಬೇಗ ತಿಳಿಯುವುದಿಲ್ಲ. ಅಂಗಿಯ ಕಾಲರು ಕುತ್ತಿಗೆಗೆ ಕೂತಂತೆ ಒಸಡು ಅದರ ಸುತ್ತ ಬಿಗಿಯಾಗಿ ಕೂತು ಮಾಯಬೇಕು. ಮಾಯ್ದರೆ ಬಾಯಿಯ ಹೊಲಸು ಕೆಳಗಿಳಿಯುವುದಿಲ್ಲ. ಮಾಯದಿದ್ದರೆ ಸಂದಿಯಲ್ಲಿ ಕೀವು, ಕೀವಿನ ಹಿಂದೆ ಎಲುಬಿನ ಸವೆತ. ಹಾಗಾಗಿ ಆ ಗೂಟದ ಮೈ ಹೇಗಿರಬೇಕು ಎಂಬ ಬಗ್ಗೆ ಆಗ ಬಲ್ಲವರಲ್ಲೇ ವಾದ ನಡೆದಿತ್ತು. ಒರಟಾದರೆ ಹೊಲಸು ಅಂಟುತ್ತದೆ. ತೀರಾ ನುಣುಪಾದರೆ ಒಸಡಿಗೆ ಹಿಡಿದುಕೊಳ್ಳಲು ಆಸರೆಯಿಲ್ಲ. ಕಣ್ಣಿಗೆ ಕಾಣದಂಥ ನವುರಾದ ಗೆರೆಗಳಿರಬೇಕು, ಎಲ್ಲಕ್ಕಿಂತ ಮೊದಲು ಮೈ ಶುದ್ಧವಾಗಿರಬೇಕು. ಇದನ್ನೆಲ್ಲ ಇವತ್ತು ನಾನು ಪಾಠ ಒಪ್ಪಿಸಿದಂತೆ ಹೇಳಬಲ್ಲೆ. ಆಗ ನಮ್ಮ ಮಾಳಿಗೆಯಲ್ಲಿ ಗೊತ್ತಿದ್ದದ್ದು ಹೊಳಪು ಒಂದೇ.

ಆಗ ಬಂದವನು ಪರಸಪ್ಪ. ಸಾಂಬ್ರಾಣಿಯವನು, ಹಳಿಯಾಳದ ಮದುವೆ ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುವವನು. ಅವನು ಮುಂದೆ ನಿಂತು ಊದುತ್ತಿದ್ದರೆ ಮೆರವಣಿಗೆ ಅಲ್ಲೇ ನಿಂತುಬಿಡುತ್ತಿತ್ತು, ಮುಹೂರ್ತ ಮೀರುತ್ತದೆಂದು ಭಟ್ಟರು ಕೂಗಾಡಬೇಕಾಗುತ್ತಿತ್ತು. ಅವನಿಗೊಂದು ಚಟ. ಮದುವೆಯ ಊರು ಮುಟ್ಟುವ ಮೊದಲು ಟೆಂಪೋದಲ್ಲೇ ಊದಿ ಊದಿ ತುಟಿ ಹದ ಮಾಡಿಕೊಳ್ಳುತ್ತಿದ್ದ. ಸೂಪಾದ ಹತ್ತಿರದ ಇಳಿಜಾರಿನಲ್ಲಿ ಟೆಂಪೋ ತಗ್ಗಿಗೆ ಬಿತ್ತು, ಬಾಯಲ್ಲಿದ್ದ ಕ್ಲಾರ್ನೆಟ್ ಮೇಲಿನ ಹಲ್ಲಿಗೆ ಬಡಿಯಿತು. ಮುರಿದ ಹಲ್ಲನ್ನು ಬೀಡಿಕಟ್ಟಿನ ಕಾಗದದಲ್ಲಿ ಸುತ್ತಿಕೊಂಡು ನಮ್ಮ ಮೆಟ್ಟಿಲು ಹತ್ತಿದ. ಬೇರು ಒಳಗೇ ಸೀಳಿತ್ತು, ಅದನ್ನೂ ಕೀಳಬೇಕಾಯಿತು.

ಕ್ಲಾರ್ನೆಟ್ಟಿನ ತುದಿಗೆ ಮೇಲಿನ ಹಲ್ಲು ಊರಿಯೇ ಊದಬೇಕು. ತೆಗೆದು ಹಾಕುವ ಹಲ್ಲು ಮಾಡಿಕೊಟ್ಟೆವು. ಊದಿದ ಕೂಡಲೇ ಅದು ಜಿಗಿದು ನಾಲಿಗೆಯ ಮೇಲೆ ಬಿತ್ತು. ಪರಸಪ್ಪ ಅದನ್ನು ಅಂಗೈಯಲ್ಲಿ ಹಿಡಿದು ಕೂತ.

“ಬಾಯಾರ, ನಂಗ ಬ್ಯಾರೆ ಕೆಲಸ ಬರೂದಿಲ್ರಿ. ಹೊಲದಾಗ ನಿಂತ್ರ ಎತ್ತ ಸೈತ ನನ್ನ ಮಾತ ಕೇಳೂದಿಲ್ಲ. ಏನರ ಮಾಡ್ರಿ.”

ಎರಡೂ ಪಕ್ಕದ ಹಲ್ಲನ್ನು ಸಣ್ಣ ಮಾಡಿ ಮೂರಕ್ಕೂ ಸೇರಿಸಿ ಟೊಪ್ಪಿಗೆ ಹಾಕುವ ದಾರಿ ಇತ್ತು. ಬೇಗ ಆಗುವ ಕೆಲಸ. ಮೇಡಂ ಒಪ್ಪಲಿಲ್ಲ. “ಗಟ್ಟಿ ಇದ್ದ ಹಲ್ಲ ತಿಕ್ಕಿ ಹಾಳ ಮಾಡಂಗಿಲ್ಲ. ಗೂಟ ಹಾಕೂಣು. ಎಲುಬಿನಾಗ ಕೂತ್ರ ನೀ ಸಾಯೂತನಾ ಊದಬಹುದು. ಆದ್ರ ತಂಬಾಕ ಬಿಡಬೇಕು ನೋಡು.” ಪರಸಪ್ಪ ಅಲ್ಲಿಯೇ ಕಿಸೆಯಿಂದ ತಂಬಾಕಿನ ಚೀಟು, ಸುಣ್ಣದ ಡಬ್ಬಿ ತೆಗೆದು ಕಸದ ಬುಟ್ಟಿಗೆ ಹಾಕಿದ. ಮೇಡಂ ಆ ಡಬ್ಬಿ ತೆಗೆದು ತೊಳೆದು ಹತ್ತಿ ತುಂಬಿ ಮೇಜಿನ ಮೇಲೆ ಇಟ್ಟುಕೊಂಡರು.

ಸ್ಕ್ರೂ ಕೂತಿತು. ಎಲುಬು ಅದನ್ನು ಹಿಡಿಯಲು ತಿಂಗಳುಗಟ್ಟಲೆ ಕಾಯಬೇಕು, ಕಾದೆವು. ಪರಸಪ್ಪ ತಪ್ಪದೆ ಬರುತ್ತಿದ್ದ, ಕ್ಲಾರ್ನೆಟ್ಟಿನ ಪೆಟ್ಟಿಗೆಯನ್ನೂ ಹೊತ್ತುಕೊಂಡೇ. ಯಾಕೋ ಅಂದರೆ, ಮನೆಯಲ್ಲಿ ಬಿಟ್ಟು ಬಂದರೆ ಅದಕ್ಕೆ ಬೇಜಾರಾಗುತ್ತದೆ ಅನ್ನುತ್ತಿದ್ದ.

ಗೂಟ ಪೆಟ್ಟಿಗೆಯಲ್ಲಿ ಬಂತು. ಪರಸಪ್ಪನ ಕಚ್ಚುವಿಕೆಗೆ ಅದು ಉದ್ದವಾಗಿತ್ತು, ತುಸು ಉಜ್ಜಿ ಗಿಡ್ಡ ಮಾಡಬೇಕಾಯಿತು. ಉಜ್ಜಿದಲ್ಲಿ ಗೀರು ಬಿದ್ದವು. ಗೀರು ಮೇಡಂ ಕಣ್ಣಿಗೆ ಸಹಿಸುವ ವಸ್ತುವಲ್ಲ. ಅವರು ಅದನ್ನು ಹಿಂದಿನ ಕೋಣೆಗೆ ಒಯ್ದು ಮೋಟಾರು ಹಚ್ಚಿದರು. ಉಜ್ಜಿದ ತುದಿಯನ್ನಷ್ಟೇ ಅಲ್ಲ, ಒಸಡಿನೊಳಗೆ ಕೂರುವ ಬುಡವನ್ನೂ, ತಯಾರಿಸಿದವರು ಬೇಕೆಂದೇ ಬಿಟ್ಟ ನವುರು ಗೆರೆಗಳನ್ನೂ ಸೇರಿಸಿ, ಸುತ್ತಲೂ ಹಸಿರು ಪಾಲಿಶ್ ಹಾಕಿ ತಿಕ್ಕಿದರು. ಹಿಂದೆ ಯಾವ ಸೆಟ್ಟಿಗೂ ಅಷ್ಟು ಹೊತ್ತು ನಿಂತಿರಲಿಲ್ಲ. ಆಮೇಲೆ ಕಿಟಕಿಗೆ ಹಿಡಿದರು. ಮುಖ ಕಾಣುವಷ್ಟು ಜಾಗ ಅದರಲ್ಲಿ ಎಲ್ಲಿತ್ತು? ಒಂದು ಕಣ್ಣು ಮಾತ್ರ ಕಂಡಿತಂತೆ. “ಸಾಕು, ಕಣ್ಣ ಕಂಡ್ರ ಸಾಕು” ಅಂದರು. ತೊಳೆದು, ಕುಕ್ಕರಿನಂಥ ಡಬ್ಬಿಯಲ್ಲಿಟ್ಟು ಉಗಿ ಕೊಟ್ಟರು. ಕ್ರಿಮಿ ಸತ್ತವು. ಪಾಲಿಶಿನ ಜಿಡ್ಡು ಉಗಿಗೆ ಸಾಯುವಂಥದಲ್ಲ.

ಹಲ್ಲು ಕೂರಿಸಿದ ಮೇಲೆ, ಒಸಡು ಪೂರಾ ಮಾಯಲಿ ಎಂದು ಕೆಲವು ವಾರ ತಡೆದು, ಒಂದು ಮಧ್ಯಾಹ್ನ ಮೇಡಂ ಅವನಿಗೆ ಊದು ಅಂದರು. ಪರಸಪ್ಪ ಮೆಟ್ಟಿಲ ಮೇಲೆ ನಿಂತು ಊದಿದ. ಕೆಳಗೆ ಬಸ್ಸಿಗೆ ಕಾಯುತ್ತಿದ್ದವರು ತಲೆಯೆತ್ತಿ ನೋಡಿದರು, ಕಾರ್ಖಾನೆಯ ಶಿಫ್ಟು ಬಿಟ್ಟು ಬರುತ್ತಿದ್ದವರು ಸೈಕಲ್ ನಿಲ್ಲಿಸಿದರು. ಮೇಡಂ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದರು. ಅವರಷ್ಟು ಸಂತೋಷವಾಗಿದ್ದದ್ದನ್ನು ನಾನು ಆಮೇಲೆ ಎಂದೂ ನೋಡಲಿಲ್ಲ.

ಮುಂದಿನ ಲಗ್ನದ ಸುಗ್ಗಿ ಮುಗಿಯುವುದರೊಳಗೆ ಗೂಟದ ಸುತ್ತ ಒಸಡು ಕೆಂಪಾಯಿತು. ಮುಟ್ಟಿದರೆ ರಕ್ತ. ಮೇಡಂ ಮೊದಲು ಅವನನ್ನೇ ಬೈದರು: ಹಲ್ಲು ತಿಕ್ಕುವುದಿಲ್ಲ, ಕದ್ದು ತಂಬಾಕು ಹಾಕುತ್ತೀ. ಅವನು ದೇವರಾಣೆ ಮಾಡಿದ. ಒಸಡು ಹರಿಯುವ ಹಾಗೆ ತಿಕ್ಕತೊಡಗಿದ. ನಾವು ತೊಳೆದೆವು, ಕೆರೆದೆವು, ಔಷಧಿ ಇಟ್ಟೆವು. ಒಸಡು ಒಂದು ದಿನ ಸುಮ್ಮನಿದ್ದಂತೆ ಮಾಡಿ ಮತ್ತೆ ಹಿಂದೆ ಸರಿಯುತ್ತಿತ್ತು. ಸಂದಿಯಲ್ಲಿ ಕೀವು ಬಂತು, ಎಲುಬು ಸವೆಯಿತು, ಕೊನೆಗೆ ಸ್ಕ್ರೂ ಅಲುಗಾಡಿತು. ಅದನ್ನು ತೆಗೆಯುವಾಗ ಪಕ್ಕದ ಗಟ್ಟಿ ಹಲ್ಲೂ ಅಲುಗಾಡುತ್ತಿತ್ತು. ಮೂರಕ್ಕೂ ಸೇರಿಸಿ ಟೊಪ್ಪಿಗೆ ಹಾಕುವ ಹಳೆಯ ದಾರಿಯೂ ಹಾಗೆ ಮುಚ್ಚಿತು.

ಮೇಡಂ ಆ ಗೂಟವನ್ನು ಒಂದು ಸಣ್ಣ ಬಾಟಲಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿ, ಹಿಂದೆ ತಮ್ಮ ಜೊತೆ ಓದಿ ಕಾಲೇಜಿನಲ್ಲಿ ಕಲಿಸುತ್ತಿದ್ದ ಗೆಳತಿಯ ಹತ್ತಿರ ಹೋದರು. ಆಕೆ ದೊಡ್ಡ ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿದರಂತೆ. ಕಣ್ಣಿಗೆ ಕನ್ನಡಿಯಂತಿದ್ದ ಮೈ ಮೇಲೆ ಪಾಲಿಶಿನ ಪದರ ಹಾಗೆಯೇ ಇತ್ತು, ಸಂದುಗಳಲ್ಲಿ ಹಸಿರು ಹಸಿರಾಗಿ. ತಿರುಗಿ ಬಂದವರು ಚೀಲ ಇಳಿಸಲಿಲ್ಲ, ಕೂರಲೂ ಇಲ್ಲ.

“ಹೊಳೀತಿತ್ತೋ ತಮ್ಮಾ. ಆದ್ರ ಸ್ವಚ್ಛ ಇರಲಿಲ್ಲ. ನಾ ಎರಡೂ ಒಂದ ಅಂತ ತಿಳಕೊಂಡಿದ್ದೆ.”

ಅದೇ ಕಾರಣ ಅಂತ ಖಚಿತವಾಗಿ ಹೇಳಲು ಬರುವುದಿಲ್ಲ ಎಂದು ನಾನು ವಾದಿಸಿದೆ. ಅವನ ಎಲುಬು ತೆಳ್ಳಗಿತ್ತು, ವರ್ಷಗಟ್ಟಲೆ ತಂಬಾಕು ಉಂಡ ಬಾಯಿ, ಕ್ಲಾರ್ನೆಟ್ಟಿನ ಒತ್ತಡವೂ ಇತ್ತು. ಇವತ್ತಿಗೂ ನನ್ನ ಅಭಿಪ್ರಾಯ ಅದೇ. ಮೇಡಂ ಕೇಳಲಿಲ್ಲ. ಪರಸಪ್ಪ ಬಂದ ದಿನ ಕುರ್ಚಿಗಳೆಲ್ಲ ತುಂಬಿದ್ದವು. ಎಲ್ಲರ ಎದುರಿಗೇ ಹೇಳಿದರು: “ತಪ್ಪ ನಂದು ಪರಸಪ್ಪ. ನೀ ಏನೂ ಮಾಡಿಲ್ಲ. ನಿನ್ನ ಬೈದದ್ದೂ ತಪ್ಪು.”

“ಇರ್ಲಿ ಬಿಡ್ರಿ ಬಾಯಾರ. ನೀವೇನ ಬೇಕಂತ ಮಾಡೀರೇನು?” ಅಂದ. ಅವನು ಕೂಗಾಡಿದ್ದರೆ ಮೇಡಂ ಬದುಕಿಕೊಳ್ಳುತ್ತಿದ್ದರು. ಈ ಮಾತು ಅವರನ್ನು ಮುರಿಯಿತು. ಮರುದಿನ ಪಾಲಿಶ್ ಮೋಟಾರಿನ ಮೇಲೆ ಗೋಣಿಚೀಲ ಮುಚ್ಚಿದರು, ಅದು ಮತ್ತೆ ತಿರುಗಲಿಲ್ಲ. ಸೆಟ್ಟುಗಳೂ ಹುಬ್ಬಳ್ಳಿಗೆ ಹೋಗತೊಡಗಿದವು. ಸುಣ್ಣದ ಡಬ್ಬಿ ಮಾತ್ರ ಮೇಜಿನ ಮೇಲೇ ಇತ್ತು. ಅದರಿಂದ ಹತ್ತಿ ತೆಗೆಯುವಾಗಲೆಲ್ಲ ಅವರ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಬ್ಯಾಂಡಿನವರು ಪರಸಪ್ಪನನ್ನು ಬಿಡಲಿಲ್ಲ. ಕ್ಲಾರ್ನೆಟ್ಟಿಗೆ ಬೇರೆಯವನನ್ನು ತಂದು ಇವನ ಕೈಗೆ ತಾಳ ಕೊಟ್ಟರು. ದಾಂಡೇಲಿಯಲ್ಲಿ ಮದುವೆಯಾದಾಗ ಮೆರವಣಿಗೆ ನಮ್ಮ ಕಿಟಕಿಯ ಕೆಳಗೇ ಹಾದುಹೋಗುತ್ತಿತ್ತು. ಕ್ಲಾರ್ನೆಟ್ ಕೇಳಿದ ಕೂಡಲೇ ಮೇಡಂ ಎದ್ದು ಹೋಗಿ ಕಿಟಕಿ ಹಾಕುತ್ತಿದ್ದರು. ಪೇಷಂಟಿನ ಬಾಯಲ್ಲಿ ಹತ್ತಿ ಇಟ್ಟದ್ದೂ ಮರೆಯುತ್ತಿದ್ದರು.

ನಾನು ಹುಬ್ಬಳ್ಳಿಗೆ ಹೋಗಿ ನನ್ನದೇ ದವಾಖಾನೆ ತೆರೆದ ಮೇಲೆ ಒಂದು ದಿನ ಅವರೇ ಬಂದರು. ಮುಂದಿನ ಹಲ್ಲಿನ ಬೇರು ಕೊಳೆತಿತ್ತು, ಉಳಿಸುವಂತಿರಲಿಲ್ಲ. ನಾನು ಕಿತ್ತೆ. ಅಷ್ಟರಲ್ಲಿ ಈ ಕೆಲಸದಲ್ಲಿ ನನ್ನ ಕೈ ಕುದುರಿತ್ತು. ಗೂಟದ ಬುಡಕ್ಕೆ ಉಪಕರಣ ಮುಟ್ಟಿಸಬಾರದು, ಬೆರಳು ಸೋಕಿಸಬಾರದು, ತಯಾರಾಗಿ ಬಂದ ಮೈಯನ್ನು ಹಾಗೆಯೇ ಉಳಿಸಬೇಕು, ಉಜ್ಜಲೇಬೇಕಾದರೆ ಆಮೇಲೆ ಜಿಡ್ಡೆಲ್ಲ ಹೋಗುವ ಹಾಗೆ ಶುದ್ಧ ಮಾಡಬೇಕು. ನಾನು ಹಾಕಿದ್ದಕ್ಕೆ ಒಸಡು ಗುಲಾಬಿ ಬಣ್ಣದಲ್ಲಿ ಚೆಂದಾಗಿ ಕೂಡುತ್ತಿತ್ತು. ಹೆಮ್ಮೆಯಿಂದಲೇ ಹೇಳಿದೆ: “ಮೇಡಂ, ನಾ ಹಾಕತೇನ್ರಿ. ಚಲೋ ಕೂಡತೈತಿ.”

“ಕೂಡತೈತಿ ಅಂತ ಗೊತ್ತೈತೋ. ಅದಕ್ಕ ಬ್ಯಾಡ ಅಂತೇನಿ,” ಅಂದರು. “ಅವನ ಬಾಯಾಗ ಕೂಡಲಿಲ್ಲ. ನನ್ನ ಬಾಯಾಗ ಕೂತ್ರ ನಾ ಹೆಂಗ ನಗ್ಲಿ?”

ನನಗೆ ಸಿಟ್ಟು ಬಂತು. ಇದೆಂಥ ಹಟ, ಇದರಿಂದ ಯಾರಿಗೇನು ಲಾಭ ಅಂದೆ. ಅವರು ಹತ್ತಿ ಕಚ್ಚಿಕೊಂಡು ಚೀಲ ಹೆಗಲಿಗೇರಿಸಿ ಹೋದರು. ಆಮೇಲೆ ಇಡೀ ಊರಿಗೆ ಆ ಕಿಂಡಿ ತೋರಿಸಿಕೊಂಡೇ ಓಡಾಡಿದರು. ಬ್ಯಾಂಕಿನವರು, ಮಾಸ್ತರರು, ಸಂತೆಯ ಕಾಯಿಪಲ್ಯೆಯವರು ಯಾರ ಎದುರೂ ನಾಚಲಿಲ್ಲ. ಒಬ್ಬನ ಎದುರು ಮಾತ್ರ ಬೇರೆ. ಒಮ್ಮೆ ನಾನು ಅವರ ಜೊತೆ ಹಳಿಯಾಳದ ಪೇಟೆಯಲ್ಲಿದ್ದಾಗ ಪರಸಪ್ಪ ಎದುರಿಗೆ ಬಂದ. ಮೇಡಂ ಸರಕ್ಕನೆ ಸೆರಗು ತೆಗೆದು ಬಾಯಿಗೆ ಹಿಡಿದರು. “ಆರಾಮ ಅದೀಯಾ?” ಎಂದು ಸೆರಗಿನೊಳಗಿಂದಲೇ ಕೇಳಿ ಮುಂದೆ ನಡೆದರು.

“ತೋರಿಸಿದ್ರ ಏನಾಗತಿತ್ರಿ?” ಅಂದೆ.

“ಅವ ಪಾಪ, ಕನಿಕರ ಪಡತಾನ. ಅವನ ಕೈಲೆ ಅದನ್ನೂ ಮಾಡಸಲೇನು?”

ಮೇಡಂ ತೀರಿಹೋದ ಸುದ್ದಿ ತಂಗಿ ಫೋನಿನಲ್ಲಿ ಹೇಳಿದರು. ನಾನು ಅಂಬೇವಾಡಿ ಮುಟ್ಟುವ ಹೊತ್ತಿಗೆ ಅವರ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಗದ್ದಕ್ಕೆ ಕಟ್ಟಿದ್ದ ಬಟ್ಟೆ ಸಡಿಲಾಗಿ ತುಟಿ ತುಸು ತೆರೆದಿತ್ತು. ಓಣಿಯವರು ಹಳಿಯಾಳದಿಂದ ಬ್ಯಾಂಡು ಕರೆಸಿದ್ದರು. ಬ್ಯಾಂಡಿನವರು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದರು. ಪರಸಪ್ಪ ಮಾತ್ರ ತಾಳವನ್ನು ಹೊಸ್ತಿಲ ಹೊರಗಿಟ್ಟು, ಕಾಲು ತೊಳೆದುಕೊಂಡು ಒಳಗೆ ಬಂದ. ನಮಸ್ಕಾರ ಮಾಡಿ ತಲೆಯೆತ್ತಿದವನು ಹಾಗೆಯೇ ಉಳಿದ. ಅವರ ಬಾಯನ್ನೇ ನೋಡುತ್ತಿದ್ದ.

“ಡಾಕ್ಟರ, ಇದು ಹೆಂಗ್ರಿ?” ಎಂದು ನನ್ನ ಕಡೆ ತಿರುಗಿದ. “ಬಾಯಾರಿಗೆ ಹಲ್ಲಿಲ್ಲ ಅಂತ ಮಂದಿ ಅಂತಿದ್ರು. ಚಾಷ್ಟಿ ಮಾಡತಾರ ಅಂತ ತಿಳಿದಿದ್ದೆ. ಇವ್ರಿಗೆ ಹಾಕ್ಕೊಳ್ಳಾಕ ಏನಾಗಿತ್ರಿ?”

ನಾನು ಹೇಳಿದೆ. ಹುಬ್ಬಳ್ಳಿಯಲ್ಲಿ ಅವರು ಆಡಿದ ಮಾತನ್ನು ಇದ್ದಂತೆಯೇ ಹೇಳಿದೆ.

ಪರಸಪ್ಪ ಮೆಲ್ಲಗೆ ಅಂದ: “ನನ್ನ ಕಂಡ್ರ ಸೆರಗ ಬಾಯಿಗೆ ಹಿಡೀತಿದ್ರು. ಹಲ್ಲ ಹೋದ ಮ್ಯಾಲೆ ನಾ ಮತ್ತ ತಂಬಾಕಿಗೆ ಬಿದ್ದಿದ್ದೆ. ಅದರ ವಾಸನಿಗೆ ಹೇಸಿ ಮಾರಿ ತಿರುವತಾರ ಅಂದ್ಕೊಂಡಿದ್ದೆ. ಅದಕ್ಕ ದವಾಖಾನಿ ಕಡೆ ಹಾಯಲಿಲ್ರಿ.”

ನಮ್ಮ ಮಾತು ಕೇಳಿಸಿತೋ, ಅಥವಾ ಹೊರಗಿನವರು ಬಾಯಿ ನೋಡುತ್ತಿದ್ದಾರೆಂದು ಸಂಕೋಚವಾಯಿತೋ, ತಂಗಿ ಮುಂದೆ ಬಾಗಿ ಅಕ್ಕನ ಸೆರಗಿನ ಅಂಚನ್ನು ಎಳೆದು ಆ ತುಟಿಯ ಮೇಲೆ ಹಾಕಿದರು.

“ಮುಚ್ಚಬ್ಯಾಡ್ರೀ ಅಕ್ಕಾರ,” ಅಂದ ಪರಸಪ್ಪ. “ನನ್ನ ಮುಂದ ಮುಚ್ಚಿದ್ದು ಸಾಕ್ರಿ. ಇವತ್ತರ ತೆರದಿರ್ಲಿ.”

ತಂಗಿ ಸೆರಗು ಸರಿಸಿದರು. ಅವನು ಮೇಡಂ ಎದುರಿಗೇ ಕೂತ, ಅವರನ್ನು ಎತ್ತುವ ಹೊತ್ತಿನ ತನಕ ಕದಲಲಿಲ್ಲ.